ದಾರಿಯಲ್ಲಿ ಸಿಕ್ಕ ನಾಯಿಗೆ ಮನೆ ಸಿಗುವವರೆಗೆ: ತಾತ್ಕಾಲಿಕ ಆಶ್ರಯ ಕೊಡುವವರಿಗೊಂದು ಮಾರ್ಗದರ್ಶಿ

ಬೀದಿಯಲ್ಲಿ ಕಂಡ ನಾಯಿಯನ್ನು ಮನೆಗೆ ಕರೆತರುವ ನಿರ್ಧಾರ ಬಹುಪಾಲು ಐದು ನಿಮಿಷಗಳಲ್ಲಿ ಆಗಿಬಿಡುತ್ತದೆ. ಅದೇ ನಾಯಿಗೆ ತಕ್ಕ ಮನೆ ಹುಡುಕಿ ಕೊಡುವ ಕೆಲಸಕ್ಕೆ ಐದು ವಾರ ಬೇಕಾಗಬಹುದು, ಐದು ತಿಂಗಳೂ ಆಗಬಹುದು. ಮೈಸೂರಿನ ನಮ್ಮ ಮನೆಯಲ್ಲಿ ಕಳೆದ ಕೆಲವು ವರ್ಷಗಳಲ್ಲಿ ಏಳು ನಾಯಿಗಳು ಹೀಗೆ ಬಂದು ತಂಗಿ ಹೋಗಿವೆ. ಮೊದಲನೆಯದನ್ನು ತಂದಾಗ ನಮಗೆ ಅನ್ನ ಹಾಕುವುದು, ಸ್ನಾನ ಮಾಡಿಸುವುದು ಇಷ್ಟೇ ಗೊತ್ತಿತ್ತು. ಆ ನಾಯಿಯನ್ನು ಅದರ ಸ್ವಭಾವವೇನೆಂದು ಸರಿಯಾಗಿ ತಿಳಿಯುವ ಮೊದಲೇ ಒಂದು ಮನೆಗೆ ಕೊಟ್ಟೆವು. ಹನ್ನೊಂದು ದಿನಗಳಲ್ಲಿ ಅದು ವಾಪಸು ಬಂತು. ತಪ್ಪು ನಾಯಿಯದಾಗಿರಲಿಲ್ಲ, ಕೊಂಡೊಯ್ದವರದೂ ಆಗಿರಲಿಲ್ಲ. ಊಟದ ತಟ್ಟೆಯ ಹತ್ತಿರ ಯಾರಾದರೂ ಬಂದರೆ ಅದು ಗುರುಗುಟ್ಟುತ್ತಿತ್ತು, ಆ ಮನೆಯಲ್ಲಿ ನಾಲ್ಕು ವರ್ಷದ ಮಗುವಿತ್ತು, ಮತ್ತು ಈ ಎರಡು ಸಂಗತಿಗಳನ್ನು ಸೇರಿಸಿ ನೋಡಬೇಕಾಗಿದ್ದ ನಾವು ನೋಡಿರಲಿಲ್ಲ. ತಾತ್ಕಾಲಿಕ ಆಶ್ರಯವೆಂದರೆ ಸೂರು ಮತ್ತು ಅನ್ನ ಮಾತ್ರವಲ್ಲ, ಆ ನಾಯಿ ಎಂಥದೆಂದು ಮುಂದಿನ ಮನೆಯವರಿಗೆ ನಿಜ ಹೇಳಬಲ್ಲಷ್ಟು ಅದನ್ನು ತಿಳಿದುಕೊಳ್ಳುವುದು ಎಂಬುದು ಆಗ ಅರ್ಥವಾಯಿತು. ಈ ಲೇಖನದ ಎಲ್ಲ ಸೂಚನೆಗಳೂ ಆ ಒಂದು ಉದ್ದೇಶಕ್ಕೆ ಹೊಂದಿಕೊಂಡಿವೆ.

ಮೊದಲು ನೋಡಬೇಕಾದದ್ದು: ಈ ನಾಯಿಗೆ ನೀವು ಬೇಕೇ?

ಬೀದಿಯಲ್ಲಿ ಕಾಣುವ ಪ್ರತಿಯೊಂದು ನಾಯಿಯೂ ಅನಾಥವಲ್ಲ. ಒಂದೇ ಬೀದಿಯಲ್ಲಿ ಹುಟ್ಟಿ ಬೆಳೆದು, ಟೀ ಅಂಗಡಿಯವರೋ ಹೂ ಮಾರುವವರೋ ಹಾಕಿದ್ದನ್ನು ತಿಂದು, ಮೈಕೈ ತುಂಬಿಕೊಂಡು, ಕಿವಿಯ ತುದಿಯಲ್ಲಿ ಕತ್ತರಿಸಿದ ಗುರುತು ಇರುವ ವಯಸ್ಕ ನಾಯಿಗೆ ಆ ಬೀದಿಯೇ ಮನೆ. ಕಿವಿಯ ಆ ಗುರುತು ಅದಕ್ಕೆ ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದೆ ಎಂಬುದನ್ನು ಹೇಳುತ್ತದೆ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು ಇಂಥ ನಾಯಿಗಳನ್ನು ಸಮುದಾಯದ ಪ್ರಾಣಿಗಳೆಂದು ಕರೆಯುತ್ತವೆ. ನಾಲ್ಕಾರು ವರ್ಷ ಬೀದಿಯಲ್ಲಿ ಸ್ವತಂತ್ರವಾಗಿದ್ದ ನಾಯಿಯನ್ನು ಎರಡು ಕೋಣೆಯ ಮನೆಯಲ್ಲಿ ಕೂಡಿಹಾಕುವುದು ಅದಕ್ಕೆ ಉಪಕಾರವಾಗದೇ ಹೋಗಬಹುದು. ಲಸಿಕೆ ಹಾಕಿಸುವುದು, ಗಾಯಕ್ಕೆ ಔಷಧಿ ಕೊಡಿಸುವುದು ಇಷ್ಟರಲ್ಲೇ ನಿಮ್ಮ ನೆರವು ಮುಗಿಯಬಹುದು.

ಮರಿಗಳ ವಿಷಯದಲ್ಲಿ ಇನ್ನಷ್ಟು ತಾಳ್ಮೆ ಬೇಕು. ಕಣ್ಣು ಬಿಡದ ಮರಿಗಳು ಚರಂಡಿಯ ಪಕ್ಕ ಒಂಟಿಯಾಗಿ ಮಲಗಿದ್ದರೆ ತಾಯಿ ಆಹಾರ ಹುಡುಕಲು ಹೋಗಿರುವ ಸಾಧ್ಯತೆಯೇ ಹೆಚ್ಚು. ಮರಿಗಳು ತಕ್ಷಣದ ಅಪಾಯದಲ್ಲಿ ಇಲ್ಲದಿದ್ದರೆ ದೂರದಲ್ಲಿ ನಿಂತು ಕೆಲವು ಗಂಟೆ ಕಾದು ನೋಡಿ. ತಾಯಿಯ ಹಾಲಿಗೆ ಸಮನಾದ ಹಾಲು ಯಾವ ಅಂಗಡಿಯಲ್ಲೂ ಇಲ್ಲ. ಎಂಟು ವಾರದೊಳಗಿನ ಮರಿಗಳನ್ನು ತಾಯಿಯಿಂದ ಬೇರ್ಪಡಿಸಿದರೆ ಕಚ್ಚುವ ಬಲವನ್ನು ಹಿಡಿತದಲ್ಲಿಡುವಂಥ ಪಾಠಗಳನ್ನು ಕಲಿಯುವ ಅವಕಾಶವನ್ನೂ ಅವು ಕಳೆದುಕೊಳ್ಳುತ್ತವೆ.

ನಿಜವಾಗಿ ಆಶ್ರಯ ಬೇಕಾದ ನಾಯಿಗಳು ಬೇರೆ. ಕುತ್ತಿಗೆಯಲ್ಲಿ ಪಟ್ಟಿಯೋ ಪಟ್ಟಿ ಇದ್ದ ಗುರುತೋ ಇರುವ, ರಸ್ತೆ ದಾಟಲು ಬಾರದೆ ಅತ್ತಿತ್ತ ಓಡುವ, ಸ್ಥಳೀಯ ನಾಯಿಗಳೆಲ್ಲ ಸೇರಿ ಅಟ್ಟುತ್ತಿರುವ, ಪ್ರತಿ ಕಾರಿನ ಹಿಂದೆ ಹೋಗಿ ಮುಖ ನೋಡುವ ನಾಯಿ ಒಂದೋ ತಪ್ಪಿಸಿಕೊಂಡದ್ದು, ಇಲ್ಲವೇ ಯಾರೋ ತಂದು ಬಿಟ್ಟದ್ದು. ದೀಪಾವಳಿಯ ವಾರದಲ್ಲಿ ಪಟಾಕಿಗೆ ಬೆದರಿ ಗೇಟು ಹಾರಿ ಓಡಿದ ನಾಯಿಗಳು ಎಲ್ಲ ಊರುಗಳಲ್ಲೂ ಸಿಗುತ್ತವೆ. ಹೀಗಾಗಿ ಹೊಸ ಮನೆ ಹುಡುಕುವ ಮೊದಲು ಹಳೆಯ ಮನೆಯನ್ನು ಹುಡುಕಬೇಕು. ಪಶುವೈದ್ಯರ ಬಳಿ ಮೈಕ್ರೋಚಿಪ್, ಅಂದರೆ ನಾಯಿಯ ಚರ್ಮದಡಿ ಕೂರಿಸುವ ಗುರುತಿನ ಚಿಪ್, ಓದುವ ಸಾಧನವಿದ್ದರೆ ಪರೀಕ್ಷಿಸಲು ಹೇಳಿ. ಬಡಾವಣೆಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ, ಹಾಲಿನ ಬೂತು, ಔಷಧಿ ಅಂಗಡಿ, ಪಶುಚಿಕಿತ್ಸಾಲಯಗಳಲ್ಲಿ ಫೋಟೊ ಹಾಕಿ. ಫೋಟೊದಲ್ಲಿ ನಾಯಿಯ ಒಂದು ಗುರುತನ್ನು ಬೇಕೆಂದೇ ತೋರಿಸಬೇಡಿ. ಹೊಟ್ಟೆಯ ಮೇಲಿನ ಬಿಳಿ ಮಚ್ಚೆಯೋ ಹಿಂಗಾಲಿನ ಹಳೆಯ ಗಾಯವೋ ಇದ್ದರೆ ಅದನ್ನು ನೀವು ಹೇಳದೆ, ನಾಯಿ ನನ್ನದೆಂದು ಬಂದವರೇ ಹೇಳಲಿ. ಎರಡು ವಾರ ಕಾದರೂ ಯಾರೂ ಬಾರದಿದ್ದರೆ ಮುಂದಿನ ಹೆಜ್ಜೆಗೆ ಹೋಗಬಹುದು.

ಕಾನೂನಿನ ಎರಡು ಮಾತು ಇಲ್ಲೇ ಹೇಳಿಬಿಡುತ್ತೇನೆ. ಸಾಕಿದ ಪ್ರಾಣಿಯನ್ನು ಹಸಿವು ಬಾಯಾರಿಕೆಗೆ ಬಿಟ್ಟು ತೊರೆಯುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಬೀದಿನಾಯಿಗಳ ಕುರಿತು ಸುಪ್ರೀಂ ಕೋರ್ಟ್ 2025ರ ಆಗಸ್ಟ್ 22ರಂದು ನೀಡಿದ ಆದೇಶವು, ಬೀದಿನಾಯಿಯನ್ನು ದತ್ತು ಪಡೆಯಲು ಬಯಸುವವರು ಸ್ಥಳೀಯ ಸಂಸ್ಥೆಗೆ ಅರ್ಜಿ ಕೊಡಬಹುದೆಂದೂ, ಹಾಗೆ ಪಡೆದ ನಾಯಿ ಮತ್ತೆ ಬೀದಿಗೆ ಬಾರದಂತೆ ನೋಡಿಕೊಳ್ಳುವ ಹೊಣೆ ಅರ್ಜಿದಾರರದೇ ಎಂದೂ ಹೇಳಿದೆ. ಆದ್ದರಿಂದ ನಿಮ್ಮ ನಗರಸಭೆ ಅಥವಾ ಪಾಲಿಕೆಯ ಪಶುಪಾಲನಾ ವಿಭಾಗದಲ್ಲಿ ವಿಚಾರಿಸಿ ಕಾಗದಪತ್ರ ಸರಿಮಾಡಿಕೊಂಡರೆ ನಿಮಗೂ ಒಳ್ಳೆಯದು, ಮುಂದೆ ನಾಯಿಯನ್ನು ಪಡೆಯುವವರಿಗೂ ಒಳ್ಳೆಯದು.

ಮನೆಯವರ ಒಪ್ಪಿಗೆ

ಇದಕ್ಕೆ ಹೆಚ್ಚು ಮಾತು ಬೇಡ. ಮನೆಯಲ್ಲಿ ಒಬ್ಬರಾದರೂ ಮನಸ್ಸಿಲ್ಲದೆ ಒಪ್ಪಿಕೊಂಡಿದ್ದರೆ ನಾಯಿಗೆ ಅದು ಮೊದಲ ದಿನವೇ ತಿಳಿಯುತ್ತದೆ. ಬಾಡಿಗೆ ಮನೆಯಾದರೆ ಮಾಲೀಕರಿಗೆ ಮೊದಲೇ ತಿಳಿಸಿ, ಎಷ್ಟು ವಾರ ಇರುತ್ತದೆ ಎಂಬ ಅಂದಾಜನ್ನೂ ಹೇಳಿ. ಹಾಸಿಗೆ ಹಿಡಿದ ಹಿರಿಯರು, ತೆವಳುವ ಕೂಸು, ರೋಗನಿರೋಧಕ ಶಕ್ತಿ ಕುಗ್ಗಿಸುವ ಚಿಕಿತ್ಸೆ ಪಡೆಯುತ್ತಿರುವವರು ಮನೆಯಲ್ಲಿದ್ದರೆ ಬೀದಿಯಿಂದ ನೇರವಾಗಿ ನಾಯಿ ತರುವುದು ಬೇಡ. ಚಿಕಿತ್ಸೆ ಮುಗಿದ ನಾಯಿಗೆ ಆಮೇಲೆ ಆಶ್ರಯ ಕೊಡಬಹುದು. ಪರೀಕ್ಷೆ, ಲಸಿಕೆ, ಶಸ್ತ್ರಚಿಕಿತ್ಸೆ, ಆಹಾರ ಎಲ್ಲ ಸೇರಿ ಆರೋಗ್ಯವಾಗಿದ್ದ ನಾಯಿಗೂ ನಮಗೆ ಆರೇಳು ಸಾವಿರ ರೂಪಾಯಿ ಖರ್ಚಾಗಿದೆ. ಕಾಯಿಲೆ ಬಿದ್ದದ್ದಕ್ಕೆ ಅದರ ಮೂರರಷ್ಟು. ಹಣ ಹಂಚಿಕೊಳ್ಳುವ, ನೀವು ಊರಿಗೆ ಹೋದಾಗ ಎರಡು ದಿನ ನೋಡಿಕೊಳ್ಳುವ ಒಬ್ಬ ಜೊತೆಗಾರರನ್ನು ಮೊದಲೇ ಗೊತ್ತುಮಾಡಿಕೊಳ್ಳಿ. ಬೆಂಗಳೂರಿನ ಕ್ಯೂಪಾ, ಮೈಸೂರಿನ ಪೀಪಲ್ ಫಾರ್ ಅನಿಮಲ್ಸ್, ಮಂಗಳೂರಿನ ಅನಿಮಲ್ ಕೇರ್ ಟ್ರಸ್ಟ್‌ನಂಥ ಸಂಸ್ಥೆಗಳಿಂದ ಸಲಹೆ ಕೇಳಬಹುದು. ಆದರೆ ಸಾಕಾಗಿ ಹೋದಾಗ ಅಲ್ಲಿ ಬಿಟ್ಟು ಬರಬಹುದೆಂಬ ಲೆಕ್ಕಾಚಾರದಿಂದ ಈ ಕೆಲಸಕ್ಕೆ ಕೈಹಾಕಬೇಡಿ.

ಹಿಡಿಯುವ ಬಗೆ

ಬೆದರಿದ ನಾಯಿಯ ಹಿಂದೆ ಓಡಬಾರದು. ಓಡಿದರೆ ಅದು ವಾಹನದ ಅಡಿಗೆ ಹೋಗುತ್ತದೆ, ಇಲ್ಲವೇ ಮೂಲೆಯಲ್ಲಿ ಸಿಕ್ಕಿ ಕಚ್ಚುತ್ತದೆ. ಅದರ ಎದುರಿಗೆ ನೇರವಾಗಿ ನಿಲ್ಲದೆ ಪಕ್ಕಕ್ಕೆ ತಿರುಗಿ ಕುಳಿತುಕೊಳ್ಳಿ, ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡಿ. ಉಪ್ಪು ಮಸಾಲೆ ಹಾಕದೆ ಬೇಯಿಸಿದ ಕೋಳಿ ಮಾಂಸವನ್ನೋ ಮೊಟ್ಟೆಯನ್ನೋ ಸ್ವಲ್ಪ ಸ್ವಲ್ಪವೇ ಹತ್ತಿರ ಎಸೆಯುತ್ತ ಬನ್ನಿ. ಅದು ಒಂದೇ ದಿನದಲ್ಲಿ ಬಾರದಿದ್ದರೆ ಮರುದಿನ ಅದೇ ಹೊತ್ತಿಗೆ, ಅದೇ ಜಾಗಕ್ಕೆ, ಅದೇ ಬಟ್ಟೆಯಲ್ಲಿ ಹೋಗಿ. ಕೆಂಚಿ ಎಂದು ನಾವು ಹೆಸರಿಟ್ಟ ಹೆಣ್ಣುನಾಯಿಯೊಂದು ಒಂಬತ್ತನೆಯ ಸಂಜೆ ತಾನಾಗಿಯೇ ಬಂದು ನನ್ನ ಚಪ್ಪಲಿಯ ಮೇಲೆ ಗದ್ದವಿಟ್ಟು ಮಲಗಿತು. ಆ ಎಂಟು ಸಂಜೆಗಳನ್ನು ಉಳಿಸಲು ಹೋಗಿದ್ದರೆ ಅದು ಇಂದು ಯಾರ ಮನೆಯಲ್ಲೂ ಇರುತ್ತಿರಲಿಲ್ಲ.

ಕೆಲವು ನಾಯಿಗಳನ್ನು ನೀವು ಮುಟ್ಟಲೇಬಾರದು. ಕೆಳದವಡೆ ಜೋತುಬಿದ್ದು ಜೊಲ್ಲು ಸುರಿಯುತ್ತಿರುವ, ದನಿ ಒಡೆದಂತೆ ಬದಲಾಗಿರುವ, ತೂರಾಡುತ್ತ ನಡೆಯುವ, ಕಲ್ಲು ಕಟ್ಟಿಗೆಯೆನ್ನದೆ ಎದುರಿಗೆ ಸಿಕ್ಕಿದ್ದನ್ನು ಕಚ್ಚುವ ನಾಯಿಗೆ ರೇಬೀಸ್, ಅಂದರೆ ಹುಚ್ಚುನಾಯಿ ರೋಗ, ಇರಬಹುದು. ಜನರನ್ನು ದೂರ ಸರಿಸಿ ಸ್ಥಳೀಯ ಸಂಸ್ಥೆಗೆ ತಿಳಿಸುವುದಷ್ಟೇ ಅಲ್ಲಿ ನಿಮ್ಮ ಕೆಲಸ.

ಯಾವ ನಾಯಿಯೇ ಆಗಲಿ ಕಚ್ಚಿದರೆ, ಉಗುರಿನಿಂದ ಪರಚಿದರೆ, ತೆರೆದ ಗಾಯವನ್ನು ನೆಕ್ಕಿದರೆ, ಆ ಜಾಗವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಿ. ಅರಿಸಿನ, ಸುಣ್ಣ, ಕಾಫಿಪುಡಿ ಮೆತ್ತಬೇಡಿ. ರಕ್ತ ಬಂದ ಗಾಯಕ್ಕೆ ಲಸಿಕೆಯ ಜೊತೆಗೆ ಇಮ್ಯುನೊಗ್ಲಾಬ್ಯುಲಿನ್ ಚುಚ್ಚುಮದ್ದೂ ಬೇಕಾಗುತ್ತದೆ. ನಾಯಿಯನ್ನು ಹತ್ತು ದಿನ ಗಮನಿಸಿ ಆಮೇಲೆ ಲಸಿಕೆ ಹಾಕಿಸಿಕೊಳ್ಳೋಣ ಎಂದು ಕೆಲವರು ಹೇಳುತ್ತಾರೆ. ಇದು ಪ್ರಾಣಕ್ಕೆ ಎರವಾಗುವ ಸಲಹೆ. ಲಸಿಕೆ ಶುರುವಾಗಲಿ, ಗಮನಿಸುವುದು ಅದರ ಜೊತೆಗೇ ನಡೆಯಲಿ. ರೋಗದ ಲಕ್ಷಣ ಒಮ್ಮೆ ಕಾಣಿಸಿಕೊಂಡ ಮೇಲೆ ಮನುಷ್ಯರನ್ನು ಉಳಿಸುವ ಚಿಕಿತ್ಸೆ ಇಲ್ಲ. ಮೇಲಿಂದ ಮೇಲೆ ಬೀದಿನಾಯಿಗಳನ್ನು ಮುಟ್ಟುವವರು ಕಚ್ಚಿಸಿಕೊಳ್ಳುವ ಮೊದಲೇ ಮುನ್ನೆಚ್ಚರಿಕೆಯ ಲಸಿಕೆ ಹಾಕಿಸಿಕೊಂಡಿರುವುದು ಒಳ್ಳೆಯದು. ನಮ್ಮ ಮನೆಯಲ್ಲಿ ಎಲ್ಲರಿಗೂ ಹಾಕಿಸಿದ್ದೇವೆ. ಮುಂಚೆ ಲಸಿಕೆ ಪಡೆದವರೂ ಕಚ್ಚಿದರೆ ಮತ್ತೆ ಆಸ್ಪತ್ರೆಗೆ ಹೋಗಲೇಬೇಕು.

ಮನೆಗಿಂತ ಮೊದಲು ಪಶುವೈದ್ಯರ ಬಳಿಗೆ

ನಾಯಿ ನಿಮ್ಮ ಹೊಸಿಲು ದಾಟುವ ಮೊದಲು ಪಶುವೈದ್ಯರ ಮೇಜು ಹತ್ತಲಿ. ಸರ್ಕಾರಿ ಪಶು ಆಸ್ಪತ್ರೆಗಳಿವೆ. ಬೆಂಗಳೂರಿನಲ್ಲಾದರೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಹೋಗುವಾಗ ಒಂದು ಬಾಯಿಕುಕ್ಕೆ ಅಥವಾ ಕನಿಷ್ಠ ಒಂದು ಮೆತ್ತನೆಯ ಬಟ್ಟೆಯ ಪಟ್ಟಿ ಇಟ್ಟುಕೊಳ್ಳಿ, ಏಕೆಂದರೆ ಎಂಥ ಸಾಧುನಾಯಿಯೂ ನೋವಾದಾಗ ಕಚ್ಚಬಹುದು.

ವೈದ್ಯರಲ್ಲಿ ವಯಸ್ಸನ್ನು ಕೇಳಿ. ನಾಯಿಯ ಹಾಲುಹಲ್ಲುಗಳು ಇಪ್ಪತ್ತೆಂಟು. ನಾಲ್ಕನೆಯ ತಿಂಗಳ ಹೊತ್ತಿಗೆ ಮುಂದಿನವು ಬೀಳತೊಡಗುತ್ತವೆ, ಏಳನೆಯ ತಿಂಗಳ ಹೊತ್ತಿಗೆ ನಲವತ್ತೆರಡು ಹಲ್ಲುಗಳೂ ಬಂದಿರುತ್ತವೆ. ಹೀಗಾಗಿ ಮರಿಗಳ ವಯಸ್ಸು ಸಾಕಷ್ಟು ನಿಖರವಾಗಿ ತಿಳಿಯುತ್ತದೆ, ದೊಡ್ಡವುಗಳದು ಅಂದಾಜು ಮಾತ್ರ. ಉಣ್ಣಿಗಳು ಹರಡುವ ಜ್ವರ ನಮ್ಮಲ್ಲಿ ಬಹಳ ಸಾಮಾನ್ಯ, ಆದ್ದರಿಂದ ವಸಡು ಬಿಳುಚಿದ್ದರೆ, ಮೈ ಬಿಸಿ ಇದ್ದು ತಿನ್ನದಿದ್ದರೆ ರಕ್ತಪರೀಕ್ಷೆಯನ್ನು ಮುಂದೂಡಬೇಡಿ. ಕೂದಲು ಉದುರಿ ಚರ್ಮ ದಪ್ಪಗಟ್ಟಿದ್ದರೆ ಯಾವ ಬಗೆಯ ಕಜ್ಜಿ ಎಂದು ಚರ್ಮ ಕೆರೆದು ನೋಡಬೇಕಾಗುತ್ತದೆ: ಒಂದು ಬಗೆಯದು ಮನುಷ್ಯರಿಗೂ ತುರಿಕೆ ತರುತ್ತದೆ, ಇನ್ನೊಂದು ತರುವುದಿಲ್ಲ. ಜನನಾಂಗದಿಂದ ಬಿಟ್ಟುಬಿಟ್ಟು ರಕ್ತ ಬರುತ್ತಿದ್ದರೆ ಅದನ್ನು ಬೆದೆಯೆಂದು ತಿಳಿದು ಸುಮ್ಮನಾಗಬೇಡಿ. ನಾಯಿಯಿಂದ ನಾಯಿಗೆ ಕೂಡುವಾಗ ಹರಡುವ ಒಂದು ಗಡ್ಡೆ ಬೀದಿನಾಯಿಗಳಲ್ಲಿ ಹೆಚ್ಚಾಗಿ ಕಾಣುತ್ತದೆ. ವಾರಕ್ಕೊಂದರಂತೆ ಕೆಲವು ಚುಚ್ಚುಮದ್ದುಗಳಿಂದ ಅದು ಬಹುಪಾಲು ಸಂಪೂರ್ಣ ಗುಣವಾಗುತ್ತದೆ. ಗಾಯದಲ್ಲಿ ಹುಳು ಬಿದ್ದಿದ್ದರೆ ಸೀಮೆಎಣ್ಣೆ, ಫಿನಾಯಿಲ್ ಸುರಿಯುವ ಹಳೆಯ ಪದ್ಧತಿಯನ್ನು ದಯವಿಟ್ಟು ಬಿಡಿ.

ಮೂರು ತಿಂಗಳು ತುಂಬಿದ ನಾಯಿಗೆ ರೇಬೀಸ್ ಲಸಿಕೆ, ಮರಿಗಳಿಗೆ ಆರರಿಂದ ಎಂಟನೆಯ ವಾರದಲ್ಲಿ ಶುರುವಾಗಿ ಮೂರು ನಾಲ್ಕು ವಾರಕ್ಕೊಮ್ಮೆ ಹದಿನಾರನೆಯ ವಾರದವರೆಗೆ ಪಾರ್ವೊ ಮತ್ತು ಡಿಸ್ಟೆಂಪರ್ ಎಂಬ ಸೋಂಕುರೋಗಗಳ ವಿರುದ್ಧದ ಲಸಿಕೆ, ಜಂತುಹುಳುವಿನ ಔಷಧಿ, ಇವು ಎಲ್ಲವುಗಳಿಗೂ ಬೇಕು. ಲಸಿಕೆಯ ಪುಸ್ತಕವನ್ನು ಮೊದಲ ದಿನವೇ ಮಾಡಿಸಿ, ಅದರಲ್ಲಿ ನಾಯಿಯ ಬಣ್ಣ ಮತ್ತು ಗುರುತುಗಳನ್ನು ಬರೆಸಿ. ಒಂದು ಎಚ್ಚರಿಕೆ: ರೇಬೀಸ್ ರೋಗಾಣು ಈಗಾಗಲೇ ಮೈಸೇರಿದ್ದರೆ ಲಕ್ಷಣ ಕಾಣಿಸಲು ವಾರಗಳು, ಕೆಲವೊಮ್ಮೆ ತಿಂಗಳುಗಳು ಹಿಡಿಯುತ್ತವೆ, ಇಂದು ಹಾಕಿದ ಲಸಿಕೆ ನಿನ್ನೆ ಆದ ಕಚ್ಚುಗಾಯಕ್ಕೆ ಖಾತರಿಯಲ್ಲ. ಮೈಮೇಲೆ ಕಚ್ಚಿದ ಗಾಯವಿರುವ ನಾಯಿಯ ವಿಷಯವನ್ನು ವೈದ್ಯರಿಗೆ ಬಿಡಿಸಿ ಹೇಳಿ.

ಹದಿನಾಲ್ಕು ದಿನಗಳ ಪ್ರತ್ಯೇಕ ವಾಸ

ಮನೆಯಲ್ಲಿ ಬೇರೆ ನಾಯಿ ಇದ್ದರೆ ಹೊಸದನ್ನು ಕನಿಷ್ಠ ಎರಡು ವಾರ ಬೇರೆ ಕೋಣೆಯಲ್ಲೋ ಮಹಡಿಯ ಮುಚ್ಚಿದ ಜಾಗದಲ್ಲೋ ಇಡಬೇಕು. ಪಾರ್ವೊ ರೋಗಾಣು ಮೈಸೇರಿದ ಕೆಲವು ದಿನಗಳ ನಂತರ ವಾಂತಿ ಮತ್ತು ದುರ್ವಾಸನೆಯ ರಕ್ತಭೇದಿ ಶುರುವಾಗುತ್ತದೆ. ಲಸಿಕೆ ಆಗದ ಮರಿಗಳನ್ನು ಅದು ಎರಡು ಮೂರು ದಿನಗಳಲ್ಲಿ ಕೊಲ್ಲಬಲ್ಲದು. ಆ ರೋಗಾಣು ನೆಲದಲ್ಲಿ, ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಸಾಧಾರಣ ಫಿನಾಯಿಲ್‌ಗೆ ಜಗ್ಗುವುದಿಲ್ಲ. ಮೊದಲು ಸೋಪಿನಿಂದ ಉಜ್ಜಿ ತೊಳೆದು, ಒಂದು ಪಾಲು ಬ್ಲೀಚಿಗೆ ಮೂವತ್ತು ಪಾಲು ನೀರು ಬೆರೆಸಿ ಒರೆಸಿ ಹತ್ತು ನಿಮಿಷ ಬಿಡಬೇಕು. ಆ ನೆಲ ಒಣಗುವವರೆಗೆ ನಾಯಿಯನ್ನು ಅಲ್ಲಿಗೆ ಬಿಡಬೇಡಿ. ಪಾರ್ವೊದಿಂದ ಮರಿ ಸತ್ತ ಮನೆಗೆ ಲಸಿಕೆ ಪೂರ್ತಿಯಾಗದ ಇನ್ನೊಂದು ಮರಿಯನ್ನು ಒಂದು ವರ್ಷದವರೆಗೆ ತರದಿರುವುದು ಲೇಸು.

ಡಿಸ್ಟೆಂಪರ್ ಬೇರೆ ಬಗೆಯದು: ಕಣ್ಣು ಮೂಗುಗಳಲ್ಲಿ ಗಟ್ಟಿಯಾದ ಪಿಸರು, ಕೆಮ್ಮು, ಆಮೇಲೆ ದವಡೆಯೋ ಕಾಲೋ ತಾನಾಗಿ ಅದುರುವುದು. ಮಳೆಗಾಲದಲ್ಲಿ ಇಲಿಜ್ವರದ ಕಡೆಗೂ ಗಮನವಿರಲಿ. ಅದು ನಾಯಿಯ ಮೂತ್ರದಿಂದ ಮನುಷ್ಯರಿಗೆ ಬರಬಲ್ಲದು. ಹೊಸ ನಾಯಿಯ ಕೋಣೆಗೆ ಬೇರೆ ಚಪ್ಪಲಿ, ಬೇರೆ ಪೊರಕೆ, ಬೇರೆ ತಟ್ಟೆ ಇಡಿ. ಮೊದಲು ನಿಮ್ಮ ನಾಯಿಯ ಕೆಲಸ ಮುಗಿಸಿ, ಕೊನೆಗೆ ಹೊಸದರ ಬಳಿಗೆ ಹೋಗಿ, ಬಂದು ಕೈಕಾಲು ತೊಳೆದುಕೊಳ್ಳಿ.

ಮೊದಲ ದಿನಗಳು

ತಂದ ದಿನವೇ ಸ್ನಾನ ಮಾಡಿಸುವ ಆತುರ ಬಹಳ ಮಂದಿಗೆ. ಬೇಡ. ಅಪರಿಚಿತರು ಹಿಡಿದು, ವಾಹನದಲ್ಲಿ ಕೂರಿಸಿ, ಸೂಜಿ ಚುಚ್ಚಿಸಿ ತಂದ ಪ್ರಾಣಿಯನ್ನು ಅದೇ ದಿನ ನೀರಿನ ಕೆಳಗೆ ನಿಲ್ಲಿಸುವುದು ಕ್ರೂರವಾಗುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಗೋಣಿಚೀಲದ ಮೇಲೆ ಹಳೆಯ ಪಂಚೆ ಹಾಸಿ, ಹತ್ತಿರ ನೀರಿಟ್ಟು, ಕೋಣೆಯಲ್ಲಿ ಅಡಗಲು ಮಂಚದ ಕೆಳಗಿನಂಥ ಒಂದು ಜಾಗ ಬಿಟ್ಟು, ಸುಮ್ಮನೆ ಹೊರಬನ್ನಿ. ನೆಂಟರಿಷ್ಟರನ್ನು ಕರೆದು ತೋರಿಸಬೇಡಿ. ಬಹಳ ನಾಯಿಗಳು ಮೊದಲ ಎರಡು ಮೂರು ದಿನ ನಿದ್ರೆಯಲ್ಲೇ ಕಳೆಯುತ್ತವೆ. ಬೀದಿಯಲ್ಲಿ ಅವು ಗಾಢವಾಗಿ ನಿದ್ರಿಸಿರುವುದಿಲ್ಲ.

ಹಸಿದು ಸೊರಗಿದ ನಾಯಿಗೆ ಹೊಟ್ಟೆ ತುಂಬ ಒಮ್ಮೆಲೇ ಬಡಿಸುವುದು ಅಪಾಯ. ದಿನಕ್ಕೆ ನಾಲ್ಕೈದು ಸಲ, ಒಂದೊಂದು ಹಿಡಿಯಷ್ಟು, ಮೆತ್ತಗೆ ಬೇಯಿಸಿದ ಅನ್ನಕ್ಕೆ ಮೂಳೆ ತೆಗೆದ ಕೋಳಿ ಮಾಂಸವನ್ನೋ ಬೇಯಿಸಿದ ಮೊಟ್ಟೆಯನ್ನೋ ಕಲಸಿ ಕೊಡಿ. ಮಾಂಸ ಬೇಯಿಸದ ಮನೆಗಳಲ್ಲಿ ಅನ್ನದ ಜೊತೆಗೆ ಸ್ವಲ್ಪ ಮೊಸರು ಆರಂಭಕ್ಕೆ ಆದೀತು, ಆದರೆ ವಾರಗಟ್ಟಲೆ ಮೊಸರನ್ನವೊಂದರಲ್ಲೇ ನಾಯಿ ಚೇತರಿಸಿಕೊಳ್ಳದು. ಅಂಗಡಿಯಲ್ಲಿ ಸಿಗುವ ಒಣ ಆಹಾರವನ್ನು ಸೇರಿಸಿ. ಹಸುವಿನ ಹಾಲು ಅನೇಕ ನಾಯಿಗಳಿಗೆ ಭೇದಿ ತರುತ್ತದೆ. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ವಿಷ. ಬೆಂದ ಮೂಳೆ ಸೀಳಾಗಿ ಕರುಳನ್ನು ಕೊಯ್ಯುತ್ತದೆ. ಜ್ವರವೆಂದು ನಮ್ಮ ಪ್ಯಾರಸಿಟಮಾಲ್ ಅಥವಾ ನೋವಿನ ಮಾತ್ರೆಯನ್ನು ಕೊಡಲೇಬೇಡಿ.

ತಪ್ಪಿಸಿಕೊಳ್ಳುವ ಅಪಾಯ ಮೊದಲ ವಾರದಲ್ಲೇ ಹೆಚ್ಚು. ಗೇಟು, ಬಾಗಿಲು ಎರಡನ್ನೂ ಒಟ್ಟಿಗೆ ತೆರೆಯದ ಅಭ್ಯಾಸ ಮನೆಯವರಿಗೆಲ್ಲ ಆಗಬೇಕು. ಹೊರಗೆ ಕರೆದೊಯ್ಯುವಾಗ ಕೊರಳಪಟ್ಟಿಯ ಜೊತೆಗೆ ಎದೆಪಟ್ಟಿಯೂ ಇರಲಿ, ಪಟ್ಟಿಯಲ್ಲಿ ನಿಮ್ಮ ದೂರವಾಣಿ ಸಂಖ್ಯೆ ಇರಲಿ.

ಒಂದು ನೋಟ್‌ಬುಕ್ ಇಡಿ

ಈ ಇಡೀ ಕೆಲಸದಲ್ಲಿ ನನಗೆ ಅತ್ಯಂತ ಮುಖ್ಯವೆನಿಸುವುದು ಇದು. ಇಪ್ಪತ್ತು ರೂಪಾಯಿಯ ಒಂದು ನೋಟ್‌ಬುಕ್ಕಿನಲ್ಲಿ ಪ್ರತಿದಿನ ರಾತ್ರಿ ನಾಲ್ಕು ಸಾಲು ಬರೆಯಿರಿ: ಏನು ತಿಂದಿತು, ಮಲ ಹೇಗಿತ್ತು, ಯಾವುದಕ್ಕೆ ಹೆದರಿತು, ಯಾವುದಕ್ಕೆ ಬಾಲ ಅಲ್ಲಾಡಿಸಿತು. ಆಶ್ರಯ ಕೊಟ್ಟ ಮೊದಲ ವಾರದ ನಾಯಿ ಬೇರೆ, ಮೂರನೆಯ ವಾರದ ನಾಯಿ ಬೇರೆ. ಮೊದಲ ವಾರದಲ್ಲಿ ಅದು ತೋರುವ ಸಾಧುತನ ಹಲವು ಸಲ ಭಯವೇ ಆಗಿರುತ್ತದೆ. ಧೈರ್ಯ ಬಂದ ಮೇಲೆ ಬೊಗಳುವುದು, ಚಪ್ಪಲಿ ಕಚ್ಚುವುದು, ಸೋಫಾ ತನ್ನದೆಂದು ಗುರುಗುಟ್ಟುವುದು ಶುರುವಾಗುತ್ತದೆ. ಆದ್ದರಿಂದ ಮೂರು ವಾರ ತುಂಬುವ ಮೊದಲು ಯಾರಿಗೂ ಮಾತು ಕೊಡಬೇಡಿ.

ಗಮನಿಸಬೇಕಾದ ಸಂಗತಿಗಳನ್ನು ನಾವು ಪ್ರಶ್ನೆಗಳ ರೂಪದಲ್ಲಿ ಬರೆದಿಟ್ಟುಕೊಂಡಿದ್ದೇವೆ. ಅದು ತಿನ್ನುತ್ತಿರುವಾಗ ಎರಡು ಮಾರು ದೂರದಲ್ಲಿ ಹಾದುಹೋದರೆ ಮೈ ಬಿಗಿಯಾಗುತ್ತದೆಯೇ? ಮಕ್ಕಳು ಓಡಿದರೆ ಹಿಂದೆ ಓಡುತ್ತದೆಯೋ, ಮೂಲೆ ಸೇರುತ್ತದೆಯೋ? ಬೆಕ್ಕು, ಕೋಳಿ, ದನ ಕಂಡಾಗ ಹೇಗೆ? ಸ್ಕೂಟರ್ ಹಿಂದೆ ಬೊಗಳಿಕೊಂಡು ಓಡುತ್ತದೆಯೇ? ಕೋಲು, ಪೊರಕೆ, ಕೊಡೆ ಕೈಯಲ್ಲಿ ಹಿಡಿದವರನ್ನು ಕಂಡರೆ ಮುದುಡುತ್ತದೆಯೇ? ಹತ್ತು ನಿಮಿಷ ಒಂಟಿಯಾಗಿ ಬಿಟ್ಟರೆ ಬಾಗಿಲು ಕೆರೆಯುತ್ತದೆಯೇ? ಕಿವಿ, ಪಾದ, ಬಾಲ ಮುಟ್ಟಗೊಡುತ್ತದೆಯೇ? ಇವನ್ನು ಪರೀಕ್ಷೆಯಂತೆ ಒಂದೇ ದಿನ ನಡೆಸಬಾರದು, ದಿನನಿತ್ಯದಲ್ಲಿ ತಾನಾಗಿ ಒದಗಿದಾಗ ನೋಡಬೇಕು. ತಟ್ಟೆಗೆ ಕೈಹಾಕಿ ಅದು ಕಚ್ಚುತ್ತದೆಯೋ ಇಲ್ಲವೋ ಎಂದು ನೋಡುವವರಿದ್ದಾರೆ. ಹಾಗೆ ಮಾಡಿದರೆ ಕಚ್ಚದ ನಾಯಿಗೂ ಕಚ್ಚುವುದನ್ನು ಕಲಿಸಿದಂತಾಗುತ್ತದೆ. ಗುರುಗುಟ್ಟಿದ್ದಕ್ಕೆ ಹೊಡೆಯಬೇಡಿ. ಗುರುಗುಟ್ಟುವುದು ಅದು ಕೊಡುವ ಎಚ್ಚರಿಕೆ. ಆ ಎಚ್ಚರಿಕೆಯನ್ನು ಹೊಡೆದು ಅಡಗಿಸಿದರೆ ಮುಂದಿನ ಸಲ ಅದು ನೇರವಾಗಿ ಹಲ್ಲಿಡುತ್ತದೆ.

ಇದೇ ವಾರಗಳಲ್ಲಿ ಎರಡು ವಿಷಯ ಕಲಿಸಿ: ಹೊರಗೆ ಹೋಗಿ ಮಲಮೂತ್ರ ಮಾಡುವುದು, ಒಂಟಿಯಾಗಿರುವುದು. ಎದ್ದ ಕೂಡಲೇ, ಉಂಡ ಮೇಲೆ, ಆಡಿದ ಮೇಲೆ ಹೊರಗೆ ಕರೆದೊಯ್ದು, ಅಲ್ಲಿ ಮಾಡಿದ ಮರುಕ್ಷಣವೇ ಒಂದು ತುಣುಕು ತಿಂಡಿ ಕೊಟ್ಟರೆ ವಯಸ್ಕ ನಾಯಿ ಬೇಗ ಕಲಿಯುತ್ತದೆ. ಒಂಟಿತನವನ್ನು ಎರಡು ನಿಮಿಷದಿಂದ ಶುರುಮಾಡಿ ನಿಧಾನವಾಗಿ ಹೆಚ್ಚಿಸಿ. ಆಶ್ರಯ ಕೊಟ್ಟವರು ಪ್ರೀತಿಯಿಂದ ದಿನವಿಡೀ ಮಡಿಲಲ್ಲಿಟ್ಟುಕೊಂಡ ನಾಯಿ, ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆಗೆ ಹೋದಾಗ ಅಳುತ್ತದೆ, ಅಕ್ಕಪಕ್ಕದವರು ದೂರುತ್ತಾರೆ, ನಾಯಿ ವಾಪಸು ಬರುತ್ತದೆ.

ಶಸ್ತ್ರಚಿಕಿತ್ಸೆ ಮಾಡಿಸಿಯೇ ಕೊಡಿ

ವಯಸ್ಸಿಗೆ ಬಂದ ನಾಯಿಯನ್ನು ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸದೆ ಕೊಡಬಾರದು. ಆಮೇಲೆ ನಾವೇ ಮಾಡಿಸುತ್ತೇವೆ ಎಂದವರಲ್ಲಿ ಎಷ್ಟೋ ಮಂದಿ ಮಾಡಿಸುವುದಿಲ್ಲ. ಹೆಣ್ಣುನಾಯಿಯ ಗರ್ಭಧಾರಣೆ ಸುಮಾರು ಅರವತ್ತಮೂರು ದಿನ. ಒಂದು ಅಜಾಗರೂಕ ಸಂಜೆಯಿಂದ ಎರಡು ತಿಂಗಳಲ್ಲಿ ಆರೇಳು ಮರಿಗಳು ಮತ್ತೆ ಬೀದಿ ಸೇರುತ್ತವೆ. ತೀರ ಚಿಕ್ಕ ಮರಿಯಾದರೆ ಯಾವ ತಿಂಗಳಲ್ಲಿ ಮಾಡಿಸಬೇಕೆಂದು ಬರವಣಿಗೆಯಲ್ಲಿ ಒಪ್ಪಿಸಿಕೊಂಡು, ಆ ತಿಂಗಳು ನೀವೇ ಫೋನ್ ಮಾಡಿ ಕೇಳಿ.

ಮನೆ ಹುಡುಕುವುದು

ಈಗ ನೋಟ್‌ಬುಕ್ ನಿಮ್ಮ ನೆರವಿಗೆ ಬರುತ್ತದೆ. ಸರಪಳಿಯಲ್ಲಿ ಕಟ್ಟಿ ತಲೆ ತಗ್ಗಿಸಿ ನಿಂತ ನಾಯಿಯ ಫೋಟೊಕ್ಕೆ ಅಯ್ಯೋ ಎನ್ನುವವರು ಸಿಗುತ್ತಾರೆ, ಮನೆಗೆ ಕರೆದೊಯ್ಯುವವರು ಸಿಗುವುದಿಲ್ಲ. ಬೆಳಗಿನ ಬೆಳಕಿನಲ್ಲಿ ಅದರ ಕಣ್ಣಿನ ಮಟ್ಟಕ್ಕೆ ಬಾಗಿ ತೆಗೆಯಿರಿ. ಮನುಷ್ಯರ ಪಕ್ಕ ನಿಂತ ಒಂದು ಫೋಟೊ ಇದ್ದರೆ ಎತ್ತರ ತಿಳಿಯುತ್ತದೆ. ಕಪ್ಪು ನಾಯಿಯನ್ನು ನೆರಳಿನಲ್ಲಿ, ತಿಳಿಬಣ್ಣದ ಗೋಡೆಯ ಎದುರು ತೆಗೆದರೆ ಮುಖಭಾವ ಕಾಣುತ್ತದೆ.

ಬರಹದಲ್ಲಿ ಮರುಕ ಹುಟ್ಟಿಸುವ ಮಾತು ಬೇಡ. ಕೆಂಚಿಗಾಗಿ ನಾವು ಬರೆದದ್ದು ಹೀಗಿತ್ತು: “ಸುಮಾರು ಎರಡು ವರ್ಷದ ಹೆಣ್ಣುನಾಯಿ, ಊರ ತಳಿ, ಹದಿನೈದು ಕೆ.ಜಿ. ಶಸ್ತ್ರಚಿಕಿತ್ಸೆ ಮತ್ತು ಲಸಿಕೆಗಳಾಗಿವೆ. ಮನೆಯೊಳಗೆ ಗಲೀಜು ಮಾಡುವುದಿಲ್ಲ. ನಾಲ್ಕು ಗಂಟೆ ಒಂಟಿಯಾಗಿ ಇರಬಲ್ಲದು. ದೊಡ್ಡವರೊಂದಿಗೆ ಬಹಳ ಹೊಂದಿಕೊಳ್ಳುತ್ತದೆ. ಬೆಕ್ಕನ್ನು ಅಟ್ಟುತ್ತದೆ. ಪಟಾಕಿಗೆ ತೀರ ಹೆದರುತ್ತದೆ, ಆ ದಿನಗಳಲ್ಲಿ ಯಾರಾದರೂ ಜೊತೆಗಿರಬೇಕು.” ಕೊನೆಯ ಎರಡು ವಾಕ್ಯಗಳನ್ನು ತೆಗೆದುಬಿಡಿ ಎಂದು ಸ್ನೇಹಿತರು ಸಲಹೆ ಕೊಟ್ಟರು. ನಾವು ತೆಗೆಯಲಿಲ್ಲ. ಬೆಕ್ಕು ಸಾಕಿದ ಇಬ್ಬರು ಅದನ್ನು ಓದಿಯೇ ಹಿಂದೆ ಸರಿದರು. ಕೆಂಚಿಗೂ ಆ ಎರಡು ಬೆಕ್ಕುಗಳಿಗೂ ಅದರಿಂದ ಒಳಿತೇ ಆಯಿತು.

ಯಾವ ಜಾತಿಯದು ಎಂದು ಕೇಳುವ ಕರೆಗಳೇ ಹೆಚ್ಚು ಬರುತ್ತವೆ. ಊರ ನಾಯಿಯನ್ನು ಮುಧೋಳದ ಮಿಶ್ರಣವೆಂದೋ ಲ್ಯಾಬ್ರಡಾರ್ ಮಿಶ್ರಣವೆಂದೋ ಹೇಳುವ ಆಸೆಯಾಗಬಹುದು, ಹೇಳಬೇಡಿ. ನಮ್ಮ ಊರ ನಾಯಿಗಳು ಈ ಹವೆಗೆ ಒಗ್ಗಿದವು, ಅವುಗಳ ಗಿಡ್ಡಗೂದಲಿಗೆ ಆರೈಕೆ ಕಡಿಮೆ, ಬುದ್ಧಿ ಚುರುಕು. ಇದನ್ನೇ ನೇರವಾಗಿ ಹೇಳಿದರೆ ಕೇಳಿಸಿಕೊಳ್ಳುವವರು ಖಂಡಿತ ಇದ್ದಾರೆ. ಇನ್ನು, ಸಿಕ್ಕಿದ್ದೇ ಜಾತಿನಾಯಿಯಾಗಿದ್ದರೆ ಎಚ್ಚರ ಇಮ್ಮಡಿಯಾಗಿರಲಿ. ಮರಿ ಹಾಕಿಸಿ ಮಾರುವವರು ದತ್ತು ಪಡೆಯುವವರಂತೆಯೇ ನಯವಾಗಿ ಮಾತನಾಡುತ್ತಾರೆ. ಶಸ್ತ್ರಚಿಕಿತ್ಸೆಯಾಗಿದೆ ಎಂದ ತಕ್ಷಣ ಕರೆ ಮುಗಿಸುವವರು ಯಾರೆಂಬುದು ಅಷ್ಟರಲ್ಲೇ ಗೊತ್ತಾಗುತ್ತದೆ.

ಆಸಕ್ತಿ ತೋರಿದವರೊಂದಿಗೆ ಅರ್ಧ ಗಂಟೆಯಾದರೂ ಮಾತನಾಡಿ. ಮನೆ ಸ್ವಂತದ್ದೋ ಬಾಡಿಗೆಯದೋ, ಹಗಲು ಯಾರಿರುತ್ತಾರೆ, ರಾತ್ರಿ ನಾಯಿ ಎಲ್ಲಿ ಮಲಗುತ್ತದೆ, ಹಿಂದೆ ಸಾಕಿದ್ದ ನಾಯಿಗೆ ಏನಾಯಿತು, ಊರಿಗೆ ಹೋದಾಗ ಯಾರು ನೋಡಿಕೊಳ್ಳುತ್ತಾರೆ, ವರ್ಗವಾದರೆ ಏನು ಮಾಡುತ್ತೀರಿ ಎಂದು ಕೇಳಿ. ತೋಟ ಕಾಯಲು ನಾಯಿ ಬೇಕು ಎನ್ನುವವರನ್ನು ನಾನು ಕೇಳುವ ಮೊದಲ ಪ್ರಶ್ನೆ, ದಿನವಿಡೀ ಕಟ್ಟಿಹಾಕುತ್ತೀರಾ ಎಂಬುದು. ಹೌದು ಎಂದರೆ ಅಲ್ಲಿಗೆ ಮಾತು ಮುಗಿಯಿತು. ಮಕ್ಕಳ ಹುಟ್ಟುಹಬ್ಬಕ್ಕೆ ಉಡುಗೊರೆಯಾಗಿ ಕೊಡಲು ಬಂದವರಿಗೂ ಕೊಡಬೇಡಿ. ಮನೆಯ ಎಲ್ಲರೂ ಬಂದು ನಾಯಿಯನ್ನು ನೋಡಲಿ. ಅವರಲ್ಲಿ ಒಬ್ಬರು ಬಾಗಿಲಲ್ಲೇ ನಿಂತು ಕೈಕಟ್ಟಿಕೊಂಡಿದ್ದರೆ ಅವರೊಂದಿಗೆ ಬೇರೆಯಾಗಿ ಮಾತನಾಡಿ. ಆಮೇಲೆ ನೀವು ಅವರ ಮನೆಗೆ ಹೋಗಿ ಬನ್ನಿ. ಗೇಟಿನ ಸರಳುಗಳ ನಡುವಿನ ಅಂತರ, ಬಾಲ್ಕನಿಯ ಎತ್ತರ, ಮೆಟ್ಟಿಲು, ಪಕ್ಕದ ಮನೆಯ ನಾಯಿ, ಇವೆಲ್ಲ ಫೋಟೊದಲ್ಲಿ ಕಾಣುವುದಿಲ್ಲ. ಇಲ್ಲ ಎನ್ನಬೇಕಾದಾಗ ಸೌಜನ್ಯದಿಂದ, ಕಾರಣ ಕೊಟ್ಟು ಹೇಳಿ. ಒಮ್ಮೆ ನಾವು ಬೇಡವೆಂದ ಒಂದು ಕುಟುಂಬ ಆರು ತಿಂಗಳ ನಂತರ ಬಾಲ್ಕನಿಗೆ ಜಾಲರಿ ಹಾಕಿಸಿ ಮತ್ತೆ ಬಂತು. ಅವರಿಗೇ ಇನ್ನೊಂದು ನಾಯಿಯನ್ನು ಸಂತೋಷದಿಂದ ಕೊಟ್ಟೆವು.

ಒಪ್ಪಿಸುವ ದಿನ ಮತ್ತು ಆಮೇಲಿನ ತಿಂಗಳುಗಳು

ಒಂದು ಪುಟದ ಒಪ್ಪಂದ ಬರೆದು ಇಬ್ಬರೂ ಸಹಿ ಹಾಕಿ. ಗುರುತಿನ ಚೀಟಿಯ ಪ್ರತಿ ಪಡೆಯಿರಿ. ನಾಯಿಯನ್ನು ಮಾರುವಂತಿಲ್ಲ, ಬೇರೆಯವರಿಗೆ ದಾಟಿಸುವಂತಿಲ್ಲ, ಸಾಕಲು ಆಗದಿದ್ದರೆ ಯಾವಾಗಲೇ ಆಗಲಿ ನಿಮಗೇ ಮರಳಿಸಬೇಕು ಎಂಬ ಮೂರು ಮಾತುಗಳು ಅದರಲ್ಲಿರಲಿ. ಮರಳಿಸಿದರೆ ನೀವು ಬೈಯುವುದಿಲ್ಲ ಎಂಬ ನಂಬಿಕೆಯೂ ಅವರಿಗಿರಬೇಕು. ಬೈಗುಳಕ್ಕೆ ಅಂಜಿದವರೇ ನಾಯಿಯನ್ನು ಊರಾಚೆ ಬಿಟ್ಟು ಬರುತ್ತಾರೆ. ಲಸಿಕೆಯ ಪುಸ್ತಕ, ಔಷಧಿ ಚೀಟಿಗಳು, ಒಂದು ವಾರದ ಆಹಾರ, ಅದು ಮಲಗುತ್ತಿದ್ದ ಪಂಚೆಯನ್ನು ತೊಳೆಯದೆ, ಮತ್ತು ನೋಟ್‌ಬುಕ್ಕಿನ ಪ್ರತಿ, ಇಷ್ಟನ್ನು ಜೊತೆಗೆ ಕೊಡಿ. ಪಾಲಿಕೆಯ ವ್ಯಾಪ್ತಿಯಲ್ಲಿ ಸಾಕುನಾಯಿಯ ಪರವಾನಗಿ ಕಡ್ಡಾಯವಾಗಿದ್ದರೆ ಅದನ್ನು ಹೊಸ ಮನೆಯವರ ಹೆಸರಿನಲ್ಲೇ ಮಾಡಿಸಲು ತಿಳಿಸಿ. ಸಾಧ್ಯವಾದರೆ ನೀವೇ ನಾಯಿಯನ್ನು ಕರೆದೊಯ್ದು ಬಿಡಿ, ಸಂಜೆಯ ಬದಲು ಬೆಳಿಗ್ಗೆ ಹೋಗಿ, ಬೀಳ್ಕೊಡುಗೆಯನ್ನು ದೀರ್ಘ ಮಾಡಬೇಡಿ. ಅಲ್ಲಿ ಅತ್ತು ಕರೆದರೆ ಏನೋ ಕೆಟ್ಟದಾಗುತ್ತಿದೆ ಎಂದೇ ನಾಯಿ ತಿಳಿಯುತ್ತದೆ.

ಮೊದಲ ಮೂರು ದಿನ ಅದು ತಿನ್ನದಿರಬಹುದು, ಬಾಗಿಲ ಬಳಿ ಕಾಯಬಹುದು, ಇದನ್ನು ಅವರಿಗೆ ಮೊದಲೇ ಹೇಳಿಡಿ. ದಿನಚರಿ ಒಗ್ಗಲು ಮೂರು ವಾರ, ಮನೆ ತನ್ನದೆನಿಸಲು ಮೂರು ತಿಂಗಳು ಎಂಬ ಸ್ಥೂಲವಾದ ಲೆಕ್ಕ ಈ ಕೆಲಸ ಮಾಡುವವರಲ್ಲಿದೆ. ನಾವು ಎರಡನೆಯ ದಿನ, ಏಳನೆಯ ದಿನ, ಆಮೇಲೆ ಮೂರು ತಿಂಗಳು ತುಂಬುವವರೆಗೆ ತಿಂಗಳಿಗೊಮ್ಮೆ ಫೋನ್ ಮಾಡುತ್ತೇವೆ. ನೋಡಲು ಮಾತ್ರ ಮೊದಲ ತಿಂಗಳು ಹೋಗುವುದಿಲ್ಲ.

ಕೆಂಚಿ ಹೊರಟ ದಿನ ನಮ್ಮ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ. ಇಂಥ ದಿನಕ್ಕೆ ಮನಸ್ಸನ್ನು ಮೊದಲೇ ಸಿದ್ಧ ಮಾಡಿಕೊಳ್ಳಿ, ಮನೆಯ ಮಕ್ಕಳಿಗೆ ಮೊದಲ ದಿನದಿಂದಲೇ “ಇದು ನೆಂಟ, ಮನೆ ಸಿಕ್ಕ ಮೇಲೆ ಹೋಗುತ್ತದೆ” ಎಂದು ಹೇಳುತ್ತ ಬನ್ನಿ. ದೀಪಾವಳಿಗೆ ಹದಿನೈದು ದಿನ ಮುಂಚೆ ಕೆಂಚಿಯ ಮನೆಯವರಿಗೆ ನಾನು ಪ್ರತಿವರ್ಷ ಒಂದು ಸಂದೇಶ ಕಳಿಸುತ್ತೇನೆ: ಕಿಟಕಿ ಮುಚ್ಚಿ, ಒಳಗಿನ ಕೋಣೆಯಲ್ಲಿ ಹಾಸಿಗೆ ಹಾಕಿ, ಕೊರಳಪಟ್ಟಿಯ ಫೋನ್ ನಂಬರ್ ಅಳಿಸಿಹೋಗಿದೆಯೇ ನೋಡಿ. ಈ ವರ್ಷ ನಾನು ಕಳಿಸುವ ಮೊದಲೇ ಅವರಿಂದ ಉತ್ತರ ಬಂತು. ನಂಬರನ್ನು ಹೊಸದಾಗಿ ಕೆತ್ತಿಸಿದ ಬಿಲ್ಲೆಯ ಫೋಟೊ ಅದು.